ಎಣಿಸುವ ಮುನ್ನ ಹೆಸರಿಟ್ಟವರು

ಕೇಳುಗರಿಗೆ ನಮಸ್ಕಾರ.

ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ವಾರಕ್ಕೊಂದು ಮರಣಪಟ್ಟಿ ಅಚ್ಚಾಗಿ ಹೊರಬರುತ್ತಿತ್ತು. ಯಾವ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶದಲ್ಲಿ, ಎಷ್ಟು ಮಂದಿ ಸತ್ತರು, ಯಾವ ರೋಗದಿಂದ ಸತ್ತರು ಎಂಬ ವಿವರ ಅದರಲ್ಲಿರುತ್ತಿತ್ತು. ಪ್ಲೇಗು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಿಕೊಂಡು ಊರು ಬಿಡುವುದೋ ಇರುವುದೋ ಎಂದು ನಿರ್ಧರಿಸಲು ಉಳ್ಳವರಿಗೆ ಅದು ಬೇಕಾಗಿತ್ತು. ಉಳಿದವರಿಗೆ ಅದು ಮಾತಿಗೊಂದು ವಿಷಯ, ಅಷ್ಟೇ. ಓದಿ ಬಿಸಾಡುತ್ತಿದ್ದ ಈ ಹಾಳೆಗಳನ್ನು ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ ಹಲವು ದಶಕಗಳಷ್ಟು ಹಿಂದಕ್ಕೆ ಹೋಗಿ ಕಲೆಹಾಕಿದರು, ಒಂದರ ಪಕ್ಕ ಒಂದನ್ನಿಟ್ಟು ಕೂಡಿ ಕಳೆದು ನೋಡಿದರು, ಮತ್ತು ತಮಗೆ ಕಂಡುದನ್ನು 1662ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗಂಡುಮಕ್ಕಳ ಜನನ ಹೆಣ್ಣುಮಕ್ಕಳ ಜನನಕ್ಕಿಂತ ತುಸು ಹೆಚ್ಚು ಎಂಬುದು ಅದರಲ್ಲಿ ಅಂಕಿಗಳ ಬೆಂಬಲದೊಂದಿಗೆ ಬಂತು. ಲಂಡನ್ನಿನಲ್ಲಿ ದಶಲಕ್ಷಗಟ್ಟಲೆ ಜನರಿದ್ದಾರೆ ಎಂದು ದೊಡ್ಡವರೆನಿಸಿಕೊಂಡವರು ಹೇಳುತ್ತಿದ್ದ ಕಾಲದಲ್ಲಿ, ಗ್ರಾಂಟರ ಲೆಕ್ಕ ಸುಮಾರು 3,84,000ಕ್ಕೆ ಬಂದು ನಿಂತಿತು.

ಸಾಮಾಜಿಕ ಸಂಶೋಧನೆಯ ವಿಧಾನಗಳ ಚರಿತ್ರೆಯನ್ನು ಬರೆಯುವವರು ಇಲ್ಲಿಯವರೆಗಿನ ಕಥೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದೇ ಪುಸ್ತಕದ ಇನ್ನೊಂದು ಭಾಗ. ಸಾವಿನ ಕಾರಣವನ್ನು ಬರೆಸುತ್ತಿದ್ದವರು ವೈದ್ಯರಲ್ಲ. ಹೆಣ ನೋಡಿ ವರದಿ ಕೊಡುವುದಾಗಿ ಪ್ರಮಾಣ ಮಾಡಿ ನೇಮಕವಾಗಿದ್ದ ವಯಸ್ಸಾದ ಹೆಂಗಸರು. ಸತ್ತವರು ಸಿಫಿಲಿಸ್ ರೋಗಿಗಳಾಗಿದ್ದರೆ ಮನೆಯವರು ಈ ಹೆಂಗಸರಿಗೆ ಒಂದಿಷ್ಟು ಮದ್ಯ ಕುಡಿಸಿ, ಕೊಡಬೇಕಾದುದರ ಎರಡರಷ್ಟು ಹಣ ಕೊಟ್ಟು, ಕ್ಷಯ ಎಂದು ಬರೆಸಿಬಿಡುತ್ತಿದ್ದರೆಂದು ಗ್ರಾಂಟ್ ಮುಚ್ಚುಮರೆಯಿಲ್ಲದೆ ದಾಖಲಿಸುತ್ತಾರೆ. 1634ರ ಪಟ್ಟಿಯಲ್ಲಿ ರಿಕೆಟ್ಸ್ ಎಂಬ, ಮಕ್ಕಳ ಮೂಳೆ ಮೆದುವಾಗುವ ರೋಗದ ಹೆಸರು ಮೊದಲ ಬಾರಿಗೆ ಕಾಣಿಸಿಕೊಂಡಾಗ ಅವರು ಕೇಳಿದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು: ಹೊಸದಾಗಿ ಬಂದದ್ದು ರೋಗವೋ, ರೋಗದ ಹೆಸರೋ? ಅದನ್ನು ತಿಳಿಯಲು ಅವರು, ಅದೇ ರೋಗ ಹಿಂದೆ ಬೇರೆ ಹೆಸರಿನಡಿ ಎಣಿಕೆಯಾಗಿರಬಹುದೇ ಎಂದು ಉಳಿದ ರೋಗಗಳ ಅಂಕಿಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. ನಾವಿಂದು ದತ್ತಾಂಶವೆಂದು ಕರೆಯುವುದು ನಮ್ಮ ಕೈಸೇರುವ ಮೊದಲೇ ಯಾರದೋ ತಿಳಿವಳಿಕೆ, ಯಾರದೋ ನಾಚಿಕೆ, ಯಾರದೋ ಅನುಕೂಲಗಳನ್ನು ದಾಟಿ ಬಂದಿರುತ್ತದೆ ಎಂಬ ಎಚ್ಚರ, ಎಣಿಕೆಯ ವಿಧಾನ ಹುಟ್ಟಿದಾಗಲೇ ಅದರ ಜೊತೆಗಿತ್ತು. ಮುಂದಿನ ಎರಡು ಶತಮಾನಗಳಲ್ಲಿ ಎಣಿಕೆ ಬೆಳೆಯಿತು; ಎಚ್ಚರ ಅಷ್ಟಾಗಿ ಬೆಳೆಯಲಿಲ್ಲ.

ಈ ಎಚ್ಚರಕ್ಕೂ ಒಂದು ತಾತ್ವಿಕ ಹಿನ್ನೆಲೆಯಿದೆ. ಫ್ರಾನ್ಸಿಸ್ ಬೇಕನ್ 1620ರಲ್ಲಿ, ಮನುಷ್ಯನ ಬುದ್ಧಿಯನ್ನು ದಾರಿತಪ್ಪಿಸುವ ಭ್ರಮೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಅತ್ಯಂತ ತೊಡಕಿನದು ಮಾತಿನಿಂದ ಹುಟ್ಟುವ ಭ್ರಮೆ ಎಂದಿದ್ದರು. ಒಂದು ಹೆಸರಿದೆ ಎಂದ ಮಾತ್ರಕ್ಕೆ ಅದಕ್ಕೆ ತಕ್ಕ ವಸ್ತುವೂ ಇದೆ ಎಂದು ನಾವು ನಂಬಿಬಿಡುತ್ತೇವೆ. ಅವರ ನಂತರ ಡೇವಿಡ್ ಹ್ಯೂಮ್, ಹಿಂದೆ ಹೀಗಾಗಿದೆ ಎಂಬುದರಿಂದ ಮುಂದೆಯೂ ಹೀಗೇ ಆಗುತ್ತದೆ ಎಂದು ತರ್ಕದಿಂದ ಸಾಧಿಸಲಾಗದು ಎಂದು ತೋರಿಸಿದರು. ಭಾರತೀಯ ತರ್ಕದ ಪರಿಚಯವಿರುವವರಿಗೆ ಇದು ಹೊಸ ಮಾತೇನಲ್ಲ: ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬ ವ್ಯಾಪ್ತಿಯನ್ನು, ಅಂದರೆ ಎಂದೂ ತಪ್ಪದ ಸಂಬಂಧವನ್ನು, ಎಲ್ಲ ಹೊಗೆಯನ್ನೂ ಕಾಣದ ನೀವು ಹೇಗೆ ಸ್ಥಾಪಿಸುತ್ತೀರಿ ಎಂದು ಚಾರ್ವಾಕರು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರನ್ನು ಕೇಳಿದ್ದರು. ಕೆಲವರನ್ನು ನೋಡಿ ಎಲ್ಲರ ಬಗ್ಗೆ ಹೇಳುವ ಯಾವ ಸಮೀಕ್ಷೆಯೂ ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಾರದು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ವಾತಾವರಣವೇ ಬೇರೆ. ಬ್ರಸೆಲ್ಸ್‌ನ ಖಗೋಳಶಾಸ್ತ್ರಜ್ಞ ಅಡಾಲ್ಫ್ ಕೆತ್ಲೆ 1835ರಲ್ಲಿ ‘ಸರಾಸರಿ ಮನುಷ್ಯ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ನಕ್ಷತ್ರವೊಂದರ ಸ್ಥಾನವನ್ನು ಹಲವರು ಅಳೆದಾಗ ಪ್ರತಿಯೊಬ್ಬರ ಅಳತೆಯಲ್ಲೂ ಒಂದಿಷ್ಟು ದೋಷವಿರುತ್ತದೆ. ಸರಾಸರಿ ತೆಗೆದರೆ ನಿಜವಾದ ಸ್ಥಾನ ಹತ್ತಿರವಾಗುತ್ತದೆ. ಕೆತ್ಲೆ ಈ ಸೂತ್ರವನ್ನೇ ಮನುಷ್ಯರಿಗೆ ಹಚ್ಚಿದರು. ಆಗ ಸರಾಸರಿಯೇ ನಿಜವಾಗಿ, ನಾವು ನೀವೆಲ್ಲ ಅಳತೆಯ ದೋಷಗಳಾಗಿಬಿಟ್ಟೆವು. ತಾವು ಕೈಗೊಂಡ ಅಧ್ಯಯನಕ್ಕೆ ಅವರು ಇಟ್ಟ ಹೆಸರು ‘ಸಾಮಾಜಿಕ ಭೌತಶಾಸ್ತ್ರ’. ಆ ಹೆಸರನ್ನು ತಮ್ಮದೆಂದು ಭಾವಿಸಿದ್ದ ಫ್ರಾನ್ಸಿನ ಚಿಂತಕ ಆಗಸ್ಟ್ ಕಾಮ್ಟ್, ಅಂಕಿ ಎಣಿಸುವವರೊಬ್ಬರು ಅದನ್ನು ಎತ್ತಿಕೊಂಡರೆಂದು ಸಿಟ್ಟಾಗಿ, ಅರ್ಧ ಲ್ಯಾಟಿನ್ ಅರ್ಧ ಗ್ರೀಕ್ ಬೆರೆಸಿ ‘ಸೋಶಿಯಾಲಜಿ’ ಎಂಬ ಹೊಸ ಪದವನ್ನು ಬಳಕೆಗೆ ತಂದರು. ಪ್ರತ್ಯಕ್ಷವಾದದ (ಪಾಸಿಟಿವಿಸಂ, ಅಂದರೆ ಕಂಡು ಪರೀಕ್ಷಿಸಬಹುದಾದುದೇ ಜ್ಞಾನ ಎಂಬ ನಿಲುವಿನ) ಪ್ರವರ್ತಕರೆಂದು ಹೆಸರಾದ ಕಾಮ್ಟ್‌ಗೆ ಸಂಭವನೀಯತೆಯ ಗಣಿತದಲ್ಲಿ ನಂಬಿಕೆಯಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಪ್ರತ್ಯಕ್ಷವಾದವೆಂದರೆ ಅಂಕಿಸಂಖ್ಯೆ ಎಂಬ ಇಂದಿನ ಸಮೀಕರಣವನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ.

ಕೆತ್ಲೆಯವರ ಎಣಿಕೆ, ಕಾಮ್ಟ್‌ರ ಸಮಾಜಶಾಸ್ತ್ರ ಎರಡನ್ನೂ ಬೆಸೆದವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್. ಸಾಮಾಜಿಕ ಸಂಗತಿಗಳನ್ನು ವಸ್ತುಗಳೆಂದೇ ಕಾಣಬೇಕೆಂದು ಅವರು 1895ರಲ್ಲಿ ವಿಧಿಸಿದರು. ಎರಡು ವರ್ಷಗಳ ಬಳಿಕ ಆತ್ಮಹತ್ಯೆಯ ಕುರಿತ ಗ್ರಂಥದಲ್ಲಿ ಆ ವಿಧಿಯನ್ನು ಪಾಲಿಸಿ ತೋರಿಸಿದರು. ಅವರ ಸೋದರಳಿಯ ಮಾರ್ಸೆಲ್ ಮಾಸ್ ಸುಮಾರು 26,000 ಪ್ರಕರಣಗಳ ಕಡತಗಳನ್ನು ವಿಂಗಡಿಸಿಕೊಟ್ಟಿದ್ದರು. ಅತ್ಯಂತ ಖಾಸಗಿಯೆನಿಸುವ ಕೃತ್ಯದ ದರವೂ ಧರ್ಮ, ಕುಟುಂಬ ಮತ್ತು ಆರ್ಥಿಕ ಏರಿಳಿತಗಳೊಂದಿಗೆ ಬದಲಾಗುತ್ತದೆ ಎಂಬ ಡರ್ಕ್‌ಹೈಮರ ವಾದದ ಬಲ ಇಂದಿಗೂ ಕುಂದಿಲ್ಲ. ಆದರೆ ಆ ಗ್ರಂಥದ ನಡುವೆ ಒಂದು ವಿಚಿತ್ರ ಸಂಗತಿಯಿದೆ. ಆತ್ಮಹತ್ಯೆಯ ಉದ್ದೇಶಗಳ ಬಗ್ಗೆ ಸರ್ಕಾರಗಳು ಪ್ರಕಟಿಸುತ್ತಿದ್ದ ಅಂಕಿಅಂಶಗಳನ್ನು ಡರ್ಕ್‌ಹೈಮ್ ತಳ್ಳಿಹಾಕುತ್ತಾರೆ. ಅವು ಉದ್ದೇಶಗಳ ಅಂಕಿಅಂಶಗಳಲ್ಲ, ಉದ್ದೇಶಗಳ ಬಗ್ಗೆ ಕೆಳಹಂತದ ಅಧಿಕಾರಿಗಳಿಗಿದ್ದ ಅಭಿಪ್ರಾಯಗಳ ಅಂಕಿಅಂಶಗಳು ಎನ್ನುತ್ತಾರೆ. ಮಾತು ನೂರಕ್ಕೆ ನೂರು ನಿಜ. ಹಾಗಾದರೆ ಆ ಸಾವು ಆತ್ಮಹತ್ಯೆಯೇ ಹೌದು, ಅಪಘಾತವಲ್ಲ ಎಂದು ಕಡತದಲ್ಲಿ ಬರೆದವರು ಯಾರು? ಅದೇ ವ್ಯವಸ್ಥೆಯ ಅಧಿಕಾರಿಗಳೇ. ಅವರ ಒಂದು ಮಾತನ್ನು ನಂಬದೆ ಇನ್ನೊಂದನ್ನು ನಂಬಿದ್ದು ಏಕೆ ಎಂಬುದಕ್ಕೆ ಆ ಗ್ರಂಥದಲ್ಲಿ ತೃಪ್ತಿಕರವಾದ ಉತ್ತರ ನನಗೆ ಸಿಕ್ಕಿಲ್ಲ. 1967ರಲ್ಲಿ ಅಮೆರಿಕದ ಜ್ಯಾಕ್ ಡಗ್ಲಸ್ ಈ ಎಳೆಯನ್ನೇ ಹಿಡಿದು ಎಳೆದರು. ಆತ್ಮಹತ್ಯೆಯನ್ನು ಮಹಾಪಾಪವೆಂದು ಕಾಣುವ ಸಮುದಾಯದಲ್ಲಿ ಅದನ್ನು ಮುಚ್ಚಿಡುವ ಒತ್ತಾಯವೂ ಹೆಚ್ಚು. ಆದ್ದರಿಂದ ಕಡಿಮೆ ದರ ಕಂಡಲ್ಲಿ ಕಡಿಮೆಯಾದದ್ದು ಆತ್ಮಹತ್ಯೆಯೋ ಅದರ ದಾಖಲೆಯೋ ಎಂದು ಹೇಳುವುದು ಕಷ್ಟ. ಲಂಡನ್ನಿನ ಆ ಮುದುಕಿಯರು ಮತ್ತೆ ಬಂದು ಎದುರಿಗೆ ನಿಂತಂತಾಯಿತು.

ಜರ್ಮನಿಯಲ್ಲಿ ಚಿಂತನೆ ಬೇರೆ ದಾರಿ ಹಿಡಿದಿತ್ತು. ಪ್ರಕೃತಿಯನ್ನು ನಾವು ಹೊರಗಿನಿಂದ ವಿವರಿಸುತ್ತೇವೆ, ಮನುಷ್ಯನ ಅಂತರಂಗದ ಬದುಕನ್ನು ಒಳಗಿನಿಂದ ಅರ್ಥಮಾಡಿಕೊಳ್ಳುತ್ತೇವೆ ಎಂಬ ಭೇದವನ್ನು ವಿಲ್‌ಹೆಲ್ಮ್ ಡಿಲ್ತಾಯ್ ಮಾಡಿದರು. ಪರಿಮಾಣಾತ್ಮಕ, ಗುಣಾತ್ಮಕ ಎಂದು ಇಂದು ಸಂಶೋಧನೆಯನ್ನು ಎರಡು ಬಣಗಳಾಗಿ ಒಡೆಯುವವರು ಈ ಭೇದವನ್ನೇ ಆಧಾರವಾಗಿ ತೋರಿಸುವುದುಂಟು. ಮ್ಯಾಕ್ಸ್ ವೆಬರ್ ಆ ಒಡಕನ್ನು ಒಪ್ಪಿದವರಲ್ಲ. ಒಬ್ಬ ಮರ ಕಡಿಯುತ್ತಿದ್ದಾನೆ. ಕೂಲಿಗಾಗಿಯೋ, ತನ್ನ ಮನೆಯ ಒಲೆಗಾಗಿಯೋ, ಹೊತ್ತು ಕಳೆಯಲೋ, ಸಿಟ್ಟು ತೀರಿಸಿಕೊಳ್ಳಲೋ ಎಂದು ತಿಳಿಯದೆ, ಅವನ ಕೊಡಲಿ ಎಷ್ಟು ಬಾರಿ ಎದ್ದು ಬಿತ್ತು ಎಂದು ಎಣಿಸಿದರೆ ನಮಗೆ ದಕ್ಕಿದ್ದೇನು? ಅರ್ಥವನ್ನು ಗ್ರಹಿಸಬೇಕು, ಆ ಮೂಲಕವೇ ಕಾರಣವನ್ನೂ ವಿವರಿಸಬೇಕು ಎಂಬುದು ಅವರ ನಿಲುವು. ಇದನ್ನು ಬರೀ ತತ್ತ್ವವಾಗಿ ಹೇಳಿದವರೂ ಅವರಲ್ಲ. 1890ರ ದಶಕದ ಆರಂಭದಲ್ಲಿ, ಎಲ್ಬೆ ನದಿಯ ಪೂರ್ವದ ಕೃಷಿ ಕಾರ್ಮಿಕರ ಸಮೀಕ್ಷೆಯ ವಿಶ್ಲೇಷಣೆ ತರುಣ ವೆಬರರ ಪಾಲಿಗೆ ಬಂದಿತ್ತು. ಆ ಸಮೀಕ್ಷೆಯಲ್ಲಿ ಕೂಲಿಕಾರರ ಬದುಕಿನ ಬಗ್ಗೆ ಪ್ರಶ್ನೆಗಳನ್ನು ಕೇಳಿದ್ದು ಜಮೀನುದಾರರನ್ನು. ಮುಂದಿನ ಸಮೀಕ್ಷೆಯಲ್ಲಿ ಪಾದ್ರಿಗಳನ್ನು ಕೇಳಲಾಯಿತು. ಕೂಲಿಕಾರರ ಸರದಿ ಬರಲೇ ಇಲ್ಲ.

ಇಂಗ್ಲೆಂಡಿನ ಬಡತನದ ಸಮೀಕ್ಷೆಗಳಲ್ಲೂ ಇದೇ ಸಮಸ್ಯೆ ಬೇರೆ ರೂಪದಲ್ಲಿ ಕಾಣುತ್ತದೆ. ಚಾರ್ಲ್ಸ್ ಬೂತ್ ಲಂಡನ್ನಿನ ಶೇಕಡಾ 30.7ರಷ್ಟು ಜನ ಬಡತನದಲ್ಲಿದ್ದಾರೆ ಎಂದರು. ಬೀದಿಬೀದಿಗೂ ಬಣ್ಣ ಬಳಿದ ಅವರ ನಕ್ಷೆಗಳು ಇಂದಿಗೂ ಪ್ರಸಿದ್ಧವಾಗಿವೆ. ಆದರೆ ಮಾಹಿತಿಯ ಬಹುಭಾಗ ಬಂದದ್ದು, ಮಕ್ಕಳು ಶಾಲೆಗೆ ಬರುತ್ತಿದ್ದಾರೆಯೇ ಎಂದು ನೋಡಲು ಮನೆಗಳಿಗೆ ಹೋಗುತ್ತಿದ್ದ ಶಾಲಾ ಮಂಡಳಿಯ ಸಿಬ್ಬಂದಿಯಿಂದ. ಸೀಬೋಮ್ ರೌಂಟ್ರಿಯವರು 1899ರಲ್ಲಿ ಯಾರ್ಕ್ ನಗರದ 11,560 ಕುಟುಂಬಗಳನ್ನು ಒಳಗೊಂಡ ಸಮೀಕ್ಷೆ ನಡೆಸಿ, ನಗರದ ಶೇಕಡಾ 27.84ರಷ್ಟು ಜನ ಬಡವರೆಂದು ಕಂಡುಕೊಂಡರು. ಈ ಅಂಕಿಯನ್ನು ಬಿಡಿಸಿ ನೋಡಿ. ದುಡಿಮೆಯನ್ನೂ ದೇಹಕ್ಕೆ ಬೇಕಾದ ಕನಿಷ್ಠ ಖರ್ಚನ್ನೂ ತಾಳೆಹಾಕಿ ಲೆಕ್ಕದಿಂದ ಬಂದ ‘ಪ್ರಾಥಮಿಕ ಬಡತನ’ ಅದರಲ್ಲಿ ಶೇಕಡಾ 9.91 ಮಾತ್ರ. ಉಳಿದ 17.93, ಮನೆಗೆ ಹೋದ ತನಿಖೆಗಾರರು ಕಣ್ಣಾರೆ ಕಂಡ ಕೊರತೆ ಮತ್ತು ಕೊಳಕನ್ನು ಆಧರಿಸಿದ್ದು. ಎರಡು ದಶಾಂಶ ಸ್ಥಾನಗಳವರೆಗೆ ನಿಖರವಾಗಿ ಕಾಣುವ ಅಂಕಿಯ ಮೂರರಲ್ಲಿ ಎರಡು ಪಾಲಿಗೆ ಸಮೀಪದಷ್ಟು ಭಾಗ ನೋಡಿದವರ ಕಣ್ಣಿನ ತೀರ್ಪು. ಇದು ರೌಂಟ್ರಿಯವರ ಮೇಲಿನ ದೂರಲ್ಲ. ತಾವು ಹೀಗೆ ಮಾಡಿದ್ದೇವೆಂದು ಅವರೇ ಹೇಳಿಕೊಂಡಿದ್ದಾರೆ.

ಮಾದರಿ ಸಮೀಕ್ಷೆಯ ಕಥೆಯನ್ನು ಇಲ್ಲಿ ಚುಟುಕಾಗಿ ಹೇಳುತ್ತೇನೆ. ಎಲ್ಲರನ್ನೂ ಎಣಿಸಬೇಕಿಲ್ಲ, ಇಡೀ ಜನಸಮುದಾಯವನ್ನು ಪ್ರತಿನಿಧಿಸುವ ಕೆಲವರು ಸಾಕು ಎಂದು ನಾರ್ವೆಯ ಆಂಡರ್ಸ್ ಕಿಯೆರ್ 1895ರಲ್ಲಿ ವಾದಿಸಿದರು. ಆ ಕೆಲವರನ್ನು ಆರಿಸುವ ಬಗೆಗೆ 1934ರಲ್ಲಿ ಜೆರ್ಜಿ ನೇಮನ್ ಭದ್ರವಾದ ಗಣಿತವನ್ನು ಒದಗಿಸಿದರು. ಇದರಿಂದ ಎಷ್ಟು ಜನರನ್ನು, ಹೇಗೆ ಆರಿಸಬೇಕೆಂಬುದು ಬಗೆಹರಿಯಿತು. ಉತ್ತರವನ್ನು ಬರೆದುಕೊಳ್ಳುವವರ ಸಮಸ್ಯೆ ಹಾಗೆಯೇ ಉಳಿಯಿತು. ಅದನ್ನು ನೇರವಾಗಿ ಎದುರಿಸಿದವರಲ್ಲಿ ಭಾರತದ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ ಪ್ರಮುಖರು. ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಅವರು ಒಂದೇ ಪ್ರದೇಶದಲ್ಲಿ ಒಂದರೊಳಗೊಂದು ಹೆಣೆದ ಎರಡು ಮಾದರಿಗಳನ್ನು ರೂಪಿಸಿ, ಅವುಗಳನ್ನು ಪರಸ್ಪರ ಸಂಪರ್ಕವಿಲ್ಲದ ಎರಡು ತಂಡಗಳಿಗೆ ಒಪ್ಪಿಸುತ್ತಿದ್ದರು. ಎರಡು ತಂಡಗಳ ಫಲಿತಾಂಶಗಳ ನಡುವೆ ಅಂತರ ಮಿತಿಮೀರಿದರೆ, ಅದು ಹೊಲದ ವ್ಯತ್ಯಾಸಕ್ಕಿಂತ ಹೊಲವನ್ನು ನೋಡಿದವರ ವ್ಯತ್ಯಾಸವಿರಬಹುದೆಂಬ ಸುಳಿವು ಸಿಗುತ್ತಿತ್ತು. ನೋಡುವವರನ್ನೇ ಅಳೆಯುವ ಈ ಉಪಾಯದಲ್ಲಿ ನನಗೆ ಗ್ರಾಂಟರ ಸಂಶಯದ ಮುಂದುವರಿಕೆ ಕಾಣುತ್ತದೆ.

ಇದೇ ಮಾತನ್ನು ತತ್ತ್ವಶಾಸ್ತ್ರದ ಭಾಷೆಯಲ್ಲಿ ಹೇಳಿದವರು ಆಲ್ಫ್ರೆಡ್ ಶುಟ್ಸ್. ಅಣುಗಳು ತಮ್ಮನ್ನು ತಾವು ವಿಂಗಡಿಸಿಕೊಳ್ಳುವುದಿಲ್ಲ; ಮನುಷ್ಯರು ಹಾಗಲ್ಲ, ಸಂಶೋಧಕರು ಬರುವುದಕ್ಕೆ ಮೊದಲೇ ಅವರು ತಮ್ಮ ಲೋಕಕ್ಕೆ ಹೆಸರಿಟ್ಟು ಅರ್ಥ ಕೊಟ್ಟುಕೊಂಡಿರುತ್ತಾರೆ. ಆದ್ದರಿಂದ ಸಮಾಜವಿಜ್ಞಾನದ ಪರಿಕಲ್ಪನೆಗಳು, ಇದ್ದ ಪರಿಕಲ್ಪನೆಗಳ ಮೇಲೆ ಕಟ್ಟಿದ ಎರಡನೆಯ ಹಂತದ ಪರಿಕಲ್ಪನೆಗಳು. ಇದನ್ನು ಒಪ್ಪಿದರೆ ಎಣಿಕೆ ದೊಡ್ಡದೋ ಅರ್ಥಗ್ರಹಣ ದೊಡ್ಡದೋ ಎಂಬ ಜಗಳಕ್ಕೆ ಹೆಚ್ಚು ಬೆಲೆಯಿಲ್ಲ: ಪ್ರತಿಯೊಂದು ಎಣಿಕೆಯ ತಳದಲ್ಲೂ, ಇದು ಇಂಥದ್ದು ಎಂದು ಯಾರೋ ಅರ್ಥಮಾಡಿಕೊಂಡ ಗಳಿಗೆಯೊಂದಿದೆ.

ಕೊನೆಯದಾಗಿ, ಈ ಪರಂಪರೆಯಲ್ಲಿ ಬಹುಕಾಲ ತಕ್ಕ ಮನ್ನಣೆ ಸಿಗದ ಒಂದು ಅಧ್ಯಯನವನ್ನು ಹೆಸರಿಸಬೇಕು. ಅಮೆರಿಕದ ಕಪ್ಪುಜನಾಂಗದ ವಿದ್ವಾಂಸ ಡಬ್ಲ್ಯು. ಇ. ಬಿ. ಡು ಬೋಯ್ಸ್ 1896 ಮತ್ತು 1897ರಲ್ಲಿ ಫಿಲಡೆಲ್ಫಿಯಾ ನಗರದ ಏಳನೆಯ ವಾರ್ಡಿನಲ್ಲಿ ವಾಸವಿದ್ದು, ಅಲ್ಲಿನ ಸುಮಾರು 2,500 ಕಪ್ಪುಜನರ ಕುಟುಂಬಗಳ ಮನೆಬಾಗಿಲಿಗೆ ತಾವೇ ಹೋಗಿ ವಿವರ ಬರೆದುಕೊಂಡರು. ಯಾವುದೋ ವಿಚಿತ್ರ ಜೀವಿಗಳಂತೆ ಅಧ್ಯಯನಕ್ಕೊಳಗಾಗುವುದು ಅಲ್ಲಿನ ಜನರಿಗೆ ಇಷ್ಟವಿರಲಿಲ್ಲವೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. 1899ರಲ್ಲಿ ಹೊರಬಂದ ಗ್ರಂಥದ ಮೊದಲ ಪುಟಗಳಲ್ಲೇ ಅವರು ತಮ್ಮ ವಿಧಾನದ ದೋಷಗಳನ್ನು ಮುಂದಿಟ್ಟರು: ಅಂಕಿಅಂಶದ ದೋಷ ಒಂದು, ಅದಕ್ಕಿಂತ ದೊಡ್ಡದು ಬರಿಗಣ್ಣಿನ ಅವಲೋಕನದ ದೋಷ, ಎಲ್ಲಕ್ಕಿಂತ ಹೆದರಬೇಕಾದುದು ಸಂಶೋಧಕರ ಒಳಗೇ ಇರುವ, ಅವರಿಗೇ ತಿಳಿಯದ ಒಲವು. ಮನೆಮನೆಯಲ್ಲಿ ತಾವು ಏನೇನು ಕೇಳಿದೆವೆಂದು ಓದುಗರೇ ನೋಡಲೆಂದು, ಆ ಪ್ರಶ್ನೆಗಳ ನಮೂನೆಗಳನ್ನು ಪುಸ್ತಕದ ಅನುಬಂಧದಲ್ಲಿ ಅಚ್ಚು ಹಾಕಿಸಿದರು.