ಅರೆತಲೆನೋವು ಮತ್ತು ಸಿಬಿಡಿ ಎಣ್ಣೆ

ಕೇಳುಗರಿಗೆಲ್ಲ ನಮಸ್ಕಾರ.

ಅರೆತಲೆನೋವಿಗೆ ಸಿಬಿಡಿ ಎಣ್ಣೆ ಬಹಳ ಒಳ್ಳೆಯದಂತೆ, ನಾಲಿಗೆಯಡಿಗೆ ನಾಲ್ಕು ಹನಿ ಬಿಟ್ಟುಕೊಂಡರೆ ಸಾಕಂತೆ ಎಂಬ ಮಾತು ಈಚೆಗೆ ಮಂಗಳೂರು, ಉಡುಪಿ, ಮಣಿಪಾಲದ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಇದು ಗಾಂಜಾ ಗಿಡದ ಜಾತಿಯಿಂದಲೇ ಬರುವ ಎಣ್ಣೆ ಎಂದು ತಿಳಿದಾಗ ಕಾಲೇಜಿಗೆ ಹೋಗುವ ಮಕ್ಕಳಿರುವ ಹೆತ್ತವರು ಬೆಚ್ಚಿಬೀಳುತ್ತಾರೆ. ಗಿಡಮೂಲಿಕೆಯಲ್ಲವೇ, ಅದರಿಂದೇನು ತೊಂದರೆ ಎಂದು ಕೊರಿಯರಿನಲ್ಲಿ ತರಿಸಿಕೊಳ್ಳುವವರೂ ಇದ್ದಾರೆ. ಔಷಧಶಾಸ್ತ್ರದ ಪಾಠ ಹೇಳುವವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಿಬಿಡಿಯೊಂದರಿಂದಲೇ ಅರೆತಲೆನೋವು ಇಳಿಯುತ್ತದೆ ಎನ್ನುವುದಕ್ಕೆ ಸಾಕಷ್ಟು ಆಧಾರ ಇಂದಿಗೆ ಇಲ್ಲ. ಆದ್ದರಿಂದ ಹಣ ತೆರುವ ಮೊದಲು ಆ ಪುಟ್ಟ ಸೀಸೆಯಲ್ಲಿ ಏನಿದೆ, ಎಷ್ಟಿದೆ ಎಂಬುದನ್ನಾದರೂ ಲೆಕ್ಕಹಾಕಿ ನೋಡಬೇಕು.

ಅರೆತಲೆನೋವು ನರಮಂಡಲದ ಕಾಯಿಲೆ. ತಲೆಯ ಒಂದು ಪಕ್ಕದಲ್ಲಿ ನಾಡಿ ಬಡಿದಂತೆ ಮಿಡಿಯುವ ನೋವು, ಮೆಟ್ಟಿಲು ಹತ್ತಿದರೂ ಹೆಚ್ಚಾಗುವ ಬಾಧೆ, ವಾಕರಿಕೆ, ಬೆಳಕನ್ನೂ ಸದ್ದನ್ನೂ ಸಹಿಸಲಾಗದ ಸ್ಥಿತಿ ಅದರ ಲಕ್ಷಣಗಳು. ಮದ್ದು ಮಾಡದಿದ್ದರೆ ಒಂದು ಸಲ ಬಂದ ನೋವು 4 ಗಂಟೆಯಿಂದ 72 ಗಂಟೆಯವರೆಗೆ ಇರಬಹುದು. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಹೊಳೆಯುವ ಗೆರೆಗಳು ಕಾಣಿಸುತ್ತವೆ. ಮುಖದ ಮತ್ತು ತಲೆಯ ಸಂವೇದನೆಯನ್ನು ಒಯ್ಯುವ ಟ್ರೈಜೆಮಿನಲ್ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಣುಕಿನಂಥ ರಾಸಾಯನಿಕ) ಹೊರಬಂದು ಮಿದುಳಿನ ಹೊದಿಕೆಯ ರಕ್ತನಾಳಗಳನ್ನು ಹಿಗ್ಗಿಸುವುದು ಈ ನೋವಿನ ಮುಖ್ಯ ಕೊಂಡಿಗಳಲ್ಲಿ ಒಂದು. ಬೆಂಗಳೂರು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ವರ್ಷದೊಳಗೆ ಸುಮಾರು ನೂರಕ್ಕೆ 25 ವಯಸ್ಕರಿಗೆ ಅರೆತಲೆನೋವು ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ನಮ್ಮ ಕರಾವಳಿಯಲ್ಲಿ ಇದನ್ನು ಕೆರಳಿಸುವ ಸಂದರ್ಭಗಳಿಗೆ ಬರವಿಲ್ಲ: ಏಪ್ರಿಲ್, ಮೇ ತಿಂಗಳ ಬಿಸಿಲು ಮತ್ತು ಸೆಕೆ, ಬೆಳಗಿನ ಜಾವದವರೆಗೆ ಯಕ್ಷಗಾನದ ಆಟ ನೋಡಿ ನಿದ್ದೆಗೆಟ್ಟ ರಾತ್ರಿ, ಏಕಾದಶಿಯ ಉಪವಾಸ, ಕೃಷ್ಣಾಷ್ಟಮಿಯಂದು ನಡುರಾತ್ರಿಯ ಅರ್ಘ್ಯದವರೆಗೆ ಖಾಲಿಯಾಗಿರುವ ಹೊಟ್ಟೆ.

ಇನ್ನು ಸಿಬಿಡಿ. ಇದರ ಪೂರ್ಣ ಹೆಸರು ಕ್ಯಾನಬಿಡಿಯಾಲ್. ಗಾಂಜಾ ಗಿಡದಲ್ಲಿರುವ ನೂರಕ್ಕೂ ಹೆಚ್ಚು ಸಂಬಂಧಿತ ರಾಸಾಯನಿಕಗಳಲ್ಲಿ ಇದೊಂದು. 1940ರಲ್ಲಿ ಅಮೆರಿಕದಲ್ಲಿ ಇದನ್ನು ಬೇರ್ಪಡಿಸಲಾಯಿತು, 1963ರಲ್ಲಿ ಇಸ್ರೇಲಿನ ರಾಫೆಲ್ ಮೆಷೌಲಂ ಮತ್ತು ಸಂಗಡಿಗರು ಇದರ ರಚನೆಯನ್ನು ನಿರ್ಧರಿಸಿದರು. ಅಮಲು ಏರಿಸುವುದು ಟಿಎಚ್‌ಸಿ ಎಂಬ ಇನ್ನೊಂದು ರಾಸಾಯನಿಕ. ಸಿಬಿಡಿಯಿಂದ ಅಮಲು ಬರುವುದಿಲ್ಲ. ಈ ಗಿಡಕ್ಕೂ ತಲೆನೋವಿಗೂ ಹಳೆಯ ನಂಟಿದೆ. ಕಲ್ಕತ್ತೆಯಲ್ಲಿದ್ದ ವೈದ್ಯ ವಿಲಿಯಂ ಒಶಾನೆಸ್ಸಿ 1839ರಲ್ಲಿ ನಮ್ಮ ದೇಶದ ಗಾಂಜಾದ ಗುಣಗಳ ಬಗ್ಗೆ ಬರೆದ ಮೇಲೆ ಯುರೋಪಿನ ವೈದ್ಯರು ಅದರ ಟಿಂಕ್ಚರನ್ನು ಬಳಸತೊಡಗಿದರು, ಶತಮಾನದ ಕೊನೆಗೆ ವಿಲಿಯಂ ಆಸ್ಲರ್‌ರಂಥ ಹೆಸರಾಂತ ವೈದ್ಯರೇ ಅರೆತಲೆನೋವಿಗೆ ಅದನ್ನು ಶಿಫಾರಸು ಮಾಡಿದರು. ಈ ಇತಿಹಾಸವನ್ನು ಸಿಬಿಡಿ ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಆ ಕಾಲದ ಟಿಂಕ್ಚರು ಟಿಎಚ್‌ಸಿ ಸಮೇತವಾದ ಇಡೀ ಗಿಡದ ಸಾರವಾಗಿತ್ತು ಎಂಬುದನ್ನು ಹೇಳುವುದಿಲ್ಲ.

ಆ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು 2024ರಲ್ಲಿ ಹೊರಬಂದ ಒಂದು ಪ್ರಯೋಗದಿಂದ ತಿಳಿಯುತ್ತದೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅರೆತಲೆನೋವಿರುವ 92 ಜನರಿಗೆ, ನೋವು ಬಂದ ಬೇರೆ ಬೇರೆ ಸಂದರ್ಭಗಳಲ್ಲಿ, ಒಮ್ಮೆ ಟಿಎಚ್‌ಸಿ, ಒಮ್ಮೆ ಸಿಬಿಡಿ, ಒಮ್ಮೆ ಎರಡರ ಮಿಶ್ರಣ, ಒಮ್ಮೆ ಯಾವ ಸತ್ತ್ವವೂ ಇಲ್ಲದ ಹುಸಿಮದ್ದು ಹೀಗೆ ಆವಿಯ ರೂಪದಲ್ಲಿ ಕೊಟ್ಟರು. ಯಾವಾಗ ಯಾವುದು ಎಂದು ತೆಗೆದುಕೊಂಡವರಿಗೆ ಗೊತ್ತಿರಲಿಲ್ಲ. ಎರಡು ಗಂಟೆಯ ಬಳಿಕ ಮಿಶ್ರಣದಿಂದ ನೂರರಲ್ಲಿ ಸುಮಾರು 67 ಸಲ ನೋವು ತಗ್ಗಿತ್ತು; ಹುಸಿಮದ್ದಿನಿಂದ ಸುಮಾರು 47 ಸಲ. ಸಿಬಿಡಿಯೊಂದೇ ಕೊಟ್ಟಾಗ ಬಂದ ಫಲವನ್ನು ಹುಸಿಮದ್ದಿಗಿಂತ ಮೇಲು ಎನ್ನಲಾಗಲಿಲ್ಲ.

ಇಲ್ಲಿ ಹುಸಿಮದ್ದಿನ ಅಂಕಿಯ ಮೇಲೆ ಸ್ವಲ್ಪ ಹೊತ್ತು ಗಮನವಿಡಬೇಕೆಂದು ಕೋರುತ್ತೇನೆ. ಏನೂ ಇಲ್ಲದ ಆವಿಯನ್ನು ಎಳೆದುಕೊಂಡಾಗಲೂ ಹೆಚ್ಚುಕಡಿಮೆ ಅರ್ಧದಷ್ಟು ಸಲ ನೋವು ಇಳಿದಿದೆ. ಅರೆತಲೆನೋವು ತಾನಾಗಿ ಏರಿ ತಾನಾಗಿ ಇಳಿಯುವ ಕಾಯಿಲೆ. ಮದ್ದು ತೆಗೆದುಕೊಂಡೆವು ಎಂಬ ನೆಮ್ಮದಿ, ಕತ್ತಲೆ ಕೋಣೆಯಲ್ಲಿ ಮಲಗಿದ್ದು, ನಿದ್ದೆ ಹತ್ತಿದ್ದು ಎಲ್ಲವೂ ಅದರಲ್ಲಿ ಪಾಲು ಪಡೆಯುತ್ತವೆ. ಹಾಗಾಗಿ ನೆರೆಮನೆಯ ಅಕ್ಕನೋ ಆಫೀಸಿನ ಗೆಳೆಯನೋ "ನನಗೆ ಎಣ್ಣೆಯಿಂದ ಗುಣವಾಯಿತು" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ಗುಣವಾದದ್ದು ಎಣ್ಣೆಯಿಂದಲೇ ಎಂದು ಮಾತ್ರ ಅದರಿಂದ ಸಿದ್ಧವಾಗುವುದಿಲ್ಲ.

ಸೀಸೆಯನ್ನೇ ಕೈಗೆತ್ತಿಕೊಳ್ಳೋಣ. ಬಣ್ಣದ ಗಾಜು, ರಬ್ಬರಿನ ಬುಡವಿರುವ ಡ್ರಾಪರು, 30 ಮಿಲಿಲೀಟರ್ ಎಣ್ಣೆ, ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿ 1000 ಮಿಲಿಗ್ರಾಂ ಎಂದು ಇದೆಯೆಂದು ಇಟ್ಟುಕೊಳ್ಳಿ. ಅಂದರೆ ಒಂದು ಮಿಲಿಲೀಟರಿಗೆ 33 ಮಿಲಿಗ್ರಾಂ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದರೆ ಹನಿಯೊಂದಕ್ಕೆ ಒಂದೂವರೆ ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು. ಸಿಬಿಡಿಯನ್ನು ಔಷಧವೆಂದು ಪೂರ್ಣವಾಗಿ ಪರೀಕ್ಷಿಸಿ ಒಪ್ಪಿರುವುದು ಮಕ್ಕಳಲ್ಲಿ ಆರಂಭವಾಗುವ ಕೆಲವು ಬಗೆಯ ತೀವ್ರ ಅಪಸ್ಮಾರಕ್ಕೆ; ಎಪಿಡಿಯೊಲೆಕ್ಸ್ ಎಂಬ ಆ ಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಅನುಮತಿ ಕೊಟ್ಟಿತು. ಅದರ ಪ್ರಮಾಣ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ, ಸಾಮಾನ್ಯವಾಗಿ 10ರಿಂದ 20 ಮಿಲಿಗ್ರಾಂ. 50 ಕಿಲೋ ತೂಗುವವರಿಗೆ 500ರಿಂದ 1000 ಮಿಲಿಗ್ರಾಂ ಆಯಿತು. ತಿಂಗಳಿಗಾಗುತ್ತದೆ ಎಂದು ತರಿಸಿದ ಇಡೀ ಸೀಸೆ ಆ ಲೆಕ್ಕದಲ್ಲಿ ಒಂದೆರಡು ದಿನದ ಮದ್ದು. ನಾಲ್ಕು ಹನಿಯ ಆರೂವರೆ ಮಿಲಿಗ್ರಾಂ ನಾಲಿಗೆಯಡಿಯಿಂದ ಮಿದುಳಿಗೆ ಹೋಗಿ ಏನು ಮಾಡೀತು ಎಂದು ನನಗಂತೂ ಊಹಿಸುವುದು ಕಷ್ಟ.

ಇನ್ನೂ ಒಂದು ತೊಡಕಿದೆ. 1985ರ ಮಾದಕದ್ರವ್ಯ ಕಾಯಿದೆಯ ಪ್ರಕಾರ ಗಿಡದ ಹೂತೆನೆ ಗಾಂಜಾ, ಅದರ ಅಂಟು ಚರಸ್. ತೆನೆಯ ಜೊತೆಗಿಲ್ಲದ ಬೀಜ ಮತ್ತು ಎಲೆ ಗಾಂಜಾದ ವ್ಯಾಖ್ಯೆಗೆ ಸೇರುವುದಿಲ್ಲ. ಅದರಿಂದಾಗಿ ನಮ್ಮಲ್ಲಿ ಈ ಎಣ್ಣೆಗಳು ಹೆಚ್ಚಾಗಿ ಆಯುರ್ವೇದದ ಪರವಾನಗಿಯಲ್ಲಿ, ವಿಜಯಾ ಎಲೆಯ ಸಾರ ಎಂಬ ಹೆಸರಿನಲ್ಲಿ ಬರುತ್ತವೆ; ವಿಜಯಾ ಎಂದರೆ ಈ ಗಿಡಕ್ಕೆ ಆಯುರ್ವೇದದಲ್ಲಿರುವ ಹೆಸರು. ಔಷಧ ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿ ಭಂಗಿ ಇರುವುದರಿಂದ ವೈದ್ಯರ ಉಸ್ತುವಾರಿಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಸೀಸೆಯ ಚೀಟಿಯ ಮೇಲೆ ಇರಲೇಬೇಕು. ಮುಂಬದಿಯ ಮಿಲಿಗ್ರಾಂ ಸಿಬಿಡಿಯದ್ದೋ ಒಟ್ಟು ಸಾರದ್ದೋ ಎಂಬುದನ್ನು ಹಿಂಬದಿಯ ಸಣ್ಣಕ್ಷರದಲ್ಲಿ ಹುಡುಕಬೇಕು. ಇದೇ ಗಿಡದ ಬೀಜದಿಂದ ತೆಗೆಯುವ ಹೆಂಪ್ ಬೀಜದ ಎಣ್ಣೆಯಂತೂ ಬೇರೆಯೇ ಪದಾರ್ಥ. ಅದು 2021ರಿಂದ ಆಹಾರವೆಂದು ಒಪ್ಪಿಗೆ ಪಡೆದ ಅಡುಗೆಯ ಎಣ್ಣೆ. ಅದರಲ್ಲಿ ಕಿಲೋವೊಂದಕ್ಕೆ 75 ಮಿಲಿಗ್ರಾಮಿಗಿಂತ ಹೆಚ್ಚು ಸಿಬಿಡಿ ಇರಕೂಡದು, ಅಂದರೆ ಇಷ್ಟೇ ದೊಡ್ಡ ಸೀಸೆಯಲ್ಲಿ ಎರಡು ಮಿಲಿಗ್ರಾಂ. ಚೀಟಿಯಲ್ಲಿ ಬರೆದದ್ದೂ ನಂಬಿಕೆಗೆ ಅರ್ಹವೇ ಎಂದರೆ, ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಮಾರುವ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದ 2017ರ ವರದಿಯಲ್ಲಿ ಹೇಳಿದಷ್ಟೇ ಸಿಬಿಡಿ ಇದ್ದದ್ದು ನೂರಕ್ಕೆ 31ರಲ್ಲಿ. 18 ಉತ್ಪನ್ನಗಳಲ್ಲಿ ಟಿಎಚ್‌ಸಿಯೂ ಸಿಕ್ಕಿತು.

ಟಿಎಚ್‌ಸಿಯ ಈ ಕುರುಹು ನಮ್ಮ ಊರಿನವರಿಗೆ ಸಣ್ಣ ವಿಷಯವಲ್ಲ. ಹಡಗಿನ ಕೆಲಸಕ್ಕೆ ಹೋಗುವ ಹುಡುಗರಿಗೆ ಮಾದಕದ್ರವ್ಯ ಪತ್ತೆಯ ಮೂತ್ರಪರೀಕ್ಷೆ ಇರುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸಿಬಿಡಿ ಎಣ್ಣೆಯೇ ಕಾನೂನುಬಾಹಿರ. ಬಜಪೆಯ ವಿಮಾನ ನಿಲ್ದಾಣದಿಂದ ದುಬೈ, ಅಬುಧಾಬಿಗೆ ಹೊರಟವರು ಮಗಳಿಗೋ ಸೊಸೆಗೋ ಎಂದು ಉಪ್ಪಿನಕಾಯಿಯ ಜೊತೆಗೆ ಈ ಸೀಸೆಯನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ಬೇಡವೇ ಬೇಡ.

ಸಿಬಿಡಿಯಿಂದ ತೂಕಡಿಕೆ, ಭೇದಿ, ಹಸಿವು ಕಡಿಮೆಯಾಗುವುದು ಕಾಣಿಸಬಹುದು. ಹೆಚ್ಚು ಯೋಚಿಸಬೇಕಾದದ್ದು ಯಕೃತ್ತಿನ ವಿಷಯ. ಹಲವು ಮದ್ದುಗಳನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಸಿಬಿಡಿ ತಡೆಯುತ್ತದೆ. ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಇದರಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅರೆತಲೆನೋವು ಬಾರದಂತೆ ಕೊಡುವ ಮದ್ದುಗಳಲ್ಲಿ ವಾಲ್‌ಪ್ರೋಯೇಟ್ ಒಂದು, ಅದರ ಜೊತೆಗೆ ಹೆಚ್ಚು ಪ್ರಮಾಣದ ಸಿಬಿಡಿ ಸೇರಿದಾಗ ಯಕೃತ್ತಿಗೆ ಘಾಸಿಯಾದ ಸೂಚನೆಗಳು ಹೆಚ್ಚಾಗಿ ಕಂಡಿವೆ. ಬಸುರಿಯರು, ಹಾಲೂಡಿಸುವ ತಾಯಂದಿರು ಇದನ್ನು ಮುಟ್ಟಬಾರದು.

ಹಾಗಾದರೆ ದಾರಿಯೇನು? ನೋವು ಶುರುವಾದ ಕೂಡಲೇ ತೆಗೆದುಕೊಳ್ಳುವ ಟ್ರಿಪ್ಟಾನ್ ಮಾತ್ರೆಗಳು, ಹೃದಯದ ಕಾಯಿಲೆ ಇಲ್ಲದವರಿಗೆ, 1990ರ ದಶಕದಿಂದ ಬಳಕೆಯಲ್ಲಿವೆ. ಪದೇ ಪದೇ ಬರುವವರಿಗೆ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲೀನ್, ಟೊಪಿರಮೇಟ್ ಮುಂತಾದ ತಡೆಮದ್ದುಗಳಿವೆ. ಸಿಜಿಆರ್‌ಪಿಯನ್ನೇ ಗುರಿಯಾಗಿಸಿದ ಚುಚ್ಚುಮದ್ದುಗಳು 2018ರಿಂದ ಬಂದಿವೆ. ಇವನ್ನು ಸರಿಯಾಗಿ ಬಳಸಿಯೇ ನೋಡದೆ ಎಣ್ಣೆಯ ಹಿಂದೆ ಹೋಗುವವರೇ ಹೆಚ್ಚು ಎಂಬುದು ನನ್ನ ಅನಿಸಿಕೆ. ನೋವಿನ ಮಾತ್ರೆಯ ಸ್ಟ್ರಿಪ್ಪನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ತಿಂಗಳಿಗೆ 15 ದಿನ, ಟ್ರಿಪ್ಟಾನನ್ನಾದರೆ 10 ದಿನ, ಮೂರು ತಿಂಗಳು ಮೀರಿ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರಬಹುದು. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿಯುವುದು, ಕೈಕಾಲು ಸೋಲುವುದು, 50 ದಾಟಿದ ಮೇಲೆ ಹೊಸದಾಗಿ ಆರಂಭವಾದ ತಲೆನೋವು ಇವಕ್ಕೆ ಮನೆಮದ್ದಾಗಲೀ ಎಣ್ಣೆಯಾಗಲೀ ಬೇಡ, ಆಸ್ಪತ್ರೆಗೆ ಹೋಗಬೇಕು.

ಈಗಾಗಲೇ ಎಣ್ಣೆ ಬಳಸುತ್ತಿರುವವರು ಅದನ್ನು ವೈದ್ಯರಿಂದ ಮುಚ್ಚಿಡಬೇಡಿ. ಯಕೃತ್ತಿನ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಅಡುಗೆಮನೆಯ ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಒಂದು ಗುರುತು, ಮಾತ್ರೆ ನುಂಗಿದ ದಿನಕ್ಕೆ ಇನ್ನೊಂದು, ಎಣ್ಣೆ ಹಾಕಿಕೊಂಡ ದಿನಕ್ಕೆ ಮತ್ತೊಂದು ಗುರುತು ಹಾಕುತ್ತ ಬನ್ನಿ. ಉಪವಾಸ, ನಿದ್ದೆಗೆಟ್ಟ ರಾತ್ರಿ, ಮುಟ್ಟಿನ ದಿನಗಳೂ ಅದರಲ್ಲಿರಲಿ. ಮೂರು ತಿಂಗಳಾದ ಮೇಲೆ ಆ ಹಾಳೆಗಳನ್ನೂ ಎಣ್ಣೆಯ ಸೀಸೆಯನ್ನೂ ವೈದ್ಯರ ಮೇಜಿನ ಮೇಲಿಡಿ. ನಮಸ್ಕಾರ.