ಹೋಂವರ್ಕಿಗೆ ಯಾರ ಜೊತೆ ಕೂರುತ್ತೀರಿ?

ಕೇಳುಗರೇ, ನಮಸ್ಕಾರ.

ವಿಜ್ಞಾನ ವಿಭಾಗಗಳಲ್ಲಿ ಹೆಣ್ಣುಮಕ್ಕಳಿಗೋ ಕಪ್ಪು ವರ್ಣೀಯರಿಗೋ ‘ಇದು ನನಗೆ ತಕ್ಕ ಜಾಗವಲ್ಲ’ ಎನ್ನಿಸಿದರೆ, ಆತ್ಮವಿಶ್ವಾಸ ತುಂಬುವ ಶಿಬಿರವೊಂದನ್ನು ಏರ್ಪಡಿಸಿ ಕೈತೊಳೆದುಕೊಳ್ಳುವುದು ರೂಢಿ. ರೋಗ ವಿಭಾಗದ್ದು, ಮದ್ದು ಕುಡಿಯಬೇಕಾದವರು ವಿದ್ಯಾರ್ಥಿಗಳು!

ಭೌತವಿಜ್ಞಾನಿ ಶರ್ಲಿ ಜಾಕ್ಸನ್ ಅವರಿಗೆ ಆತ್ಮವಿಶ್ವಾಸದ ಕೊರತೆಯೇನೂ ಇರಲಿಲ್ಲ. 1964ರಲ್ಲಿ ಅಮೆರಿಕದ ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಗೆ ಸೇರಿದಾಗ ಅಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಒಂದು ಸಂಜೆ ಹಾಸ್ಟೆಲಿನ ಹುಡುಗಿಯರು ಗುಂಪಾಗಿ ಭೌತಶಾಸ್ತ್ರದ ಲೆಕ್ಕ ಬಿಡಿಸುತ್ತಿದ್ದುದನ್ನು ಕಂಡು, ನಾನೂ ಸೇರಿಕೊಳ್ಳಲೇ ಎಂದು ಕೇಳಿದರಂತೆ. ‘ಹೋಗಾಚೆ’ ಎಂಬ ಉತ್ತರ ಬಂತು. ಅರ್ಧ ಲೆಕ್ಕಗಳನ್ನು ಆಗಲೇ ಮುಗಿಸಿದ್ದೇನೆ ಎಂದರೂ ಬಾಗಿಲು ತೆರೆಯಲಿಲ್ಲ. ಹಾಗೆ ಅಟ್ಟಿದವರೂ ಹೆಣ್ಣುಮಕ್ಕಳೇ ಎಂಬುದನ್ನು ಗಮನಿಸಬೇಕು. ಹೆಣ್ಣೆಂಬ ಸಮಾನತೆ ಬಣ್ಣದ ಗೆರೆಯನ್ನು ದಾಟಿಸಲಿಲ್ಲ. ಉಳಿದ ಲೆಕ್ಕಗಳನ್ನು ಒಬ್ಬರೇ ಬಿಡಿಸಿದರು. 1973ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಮಹಿಳೆಯಾದರು.

ಒಂಟಿಯಾಗಿ ಓದಿ ಗೆದ್ದರಲ್ಲ ಎಂದು ನಾವು ಚಪ್ಪಾಳೆ ತಟ್ಟುತ್ತೇವೆ. ಆ ಒಂಟಿತನ ಎಷ್ಟು ಜನರನ್ನು ಸೋಲಿಸಿತು ಎಂಬುದನ್ನು ನೋಡಿದವರು ಗಣಿತಜ್ಞ ಯೂರಿ ಟ್ರೈಸ್‌ಮನ್. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ, ಅಂದರೆ ಕ್ಯಾಲ್ಕುಲಸ್‌ನಲ್ಲಿ, ಹೆಚ್ಚಾಗಿ ನಪಾಸಾಗುತ್ತಿದ್ದರು. ಶ್ರದ್ಧೆ ಇಲ್ಲ, ತಳಪಾಯ ಗಟ್ಟಿಯಿಲ್ಲ, ಮನೆಯ ಬೆಂಬಲವಿಲ್ಲ ಎಂದು ಅಧ್ಯಾಪಕರು ಊಹಿಸಿದರು. ಟ್ರೈಸ್‌ಮನ್ ವಿದ್ಯಾರ್ಥಿಗಳ ಜೊತೆಗೇ ಓಡಾಡಿ ನೋಡಿದಾಗ ಈ ಊಹೆಗಳೊಂದೂ ನಿಲ್ಲಲಿಲ್ಲ. ಚೆನ್ನಾಗಿ ಪಾಸಾಗುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿದ ಮೇಲೆ ಸಂಜೆ ಒಟ್ಟಿಗೆ ಕೂತು ಉತ್ತರ ತಾಳೆ ನೋಡುತ್ತಿದ್ದರು, ಪರಸ್ಪರ ತಪ್ಪು ತೋರಿಸುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಅಷ್ಟೇ ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಎಲ್ಲಿ ಎಡವಿದೆವು ಎಂಬುದು ಪರೀಕ್ಷೆಯಲ್ಲೇ ತಿಳಿಯುತ್ತಿತ್ತು. ಈ ವಿದ್ಯಾರ್ಥಿಗಳಿಗಾಗಿ ಟ್ರೈಸ್‌ಮನ್ ‘ಹಿಂದುಳಿದವರ’ ವಿಶೇಷ ತರಗತಿ ತೆರೆಯಲಿಲ್ಲ. ಮಾಮೂಲಿಗಿಂತ ಕಠಿಣವಾದ ಲೆಕ್ಕಗಳನ್ನು ಕೊಟ್ಟು ಗುಂಪಾಗಿ ಕೂರಿಸಿದರು. ಅಂಕಗಳು ಏರಿದವು. ಟ್ರೈಸ್‌ಮನ್ ಅವರ ಜಾಣತನವೆಲ್ಲ ಆ ‘ಕಠಿಣ’ದಲ್ಲಿದೆ: ಸುಲಭದ ಲೆಕ್ಕ ಕೊಟ್ಟಿದ್ದರೆ ಅದೂ ಒಂದು ಅವಮಾನವೇ.

ಅಧ್ಯಾಪಕರಾದ ಮೇಲಾದರೂ ನೆಲೆ ಸಿಗುತ್ತದೆಯೇ? ಎಂಐಟಿಯ ಜೀವವಿಜ್ಞಾನಿ ನ್ಯಾನ್ಸಿ ಹಾಪ್ಕಿನ್ಸ್ 1990ರ ದಶಕದ ಆರಂಭದಲ್ಲಿ ಟೇಪು ಹಿಡಿದು ಪ್ರಯೋಗಾಲಯಗಳನ್ನು ಅಳೆದರು. ತಮಗೆ ಸಿಕ್ಕ ಜಾಗ ಗಂಡಸರಿಗಿಂತ ಕಡಿಮೆ ಎಂಬ ಮಾತನ್ನು ಯಾರೂ ನಂಬದಿದ್ದಾಗ ಅವರಿಗೆ ಉಳಿದ ದಾರಿ ಅದೇ. ಸಂಸ್ಥೆಯ ವಿಜ್ಞಾನ ವಿಭಾಗಗಳಲ್ಲಿ 1994ರಲ್ಲಿ ಕಾಯಂ ಹುದ್ದೆಯ ಮಹಿಳೆಯರು 15, ಪುರುಷರು 194. ಅಲ್ಲಿನ ಮಹಿಳೆಯರು ಒಟ್ಟಾಗಿ ಲೆಕ್ಕ ಕೇಳಿದ ಮೇಲೆ, ತಾರತಮ್ಯ ನಡೆದದ್ದು ನಿಜವೆಂದು ಎಂಐಟಿ 1999ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಜನಾಂಗದ ವಿಚಾರದಲ್ಲಿ, ಅಲ್ಪಸಂಖ್ಯಾತ ಅಧ್ಯಾಪಕರ ನೇಮಕ ಮತ್ತು ಬಡ್ತಿಯನ್ನು ಕುರಿತ ಅದರ ವಿಸ್ತೃತ ವರದಿ ಹೊರಬರಲು ಇನ್ನೂ ಹನ್ನೊಂದು ವರ್ಷ ಹಿಡಿಯಿತು.

ನಮಸ್ಕಾರ.