ಏಳು ಸಂಜೆಗಳ ಹಬ್ಬ ಕ್ವಾನ್ಜಾ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರಿಸ್‌ಮಸ್‌ನ ಮರುದಿನ, ಎಂದರೆ ಡಿಸೆಂಬರ್ 26ರಂದು, ಅಮೆರಿಕದಲ್ಲಿ ಆಫ್ರಿಕನ್ ಮೂಲದವರ ಎಷ್ಟೋ ಮನೆಗಳಲ್ಲಿ ಇನ್ನೊಂದು ಹಬ್ಬ ಆರಂಭವಾಗುತ್ತದೆ. ಅದರ ಹೆಸರು ಕ್ವಾನ್ಜಾ. ಜನವರಿ 1ರವರೆಗೆ ಏಳು ದಿನ ನಡೆಯುವ ಈ ಹಬ್ಬಕ್ಕೆ ಆರಾಧ್ಯ ದೈವವಿಲ್ಲ, ಪುರೋಹಿತರೂ ಇಲ್ಲ. ಆಫ್ರಿಕಾದ ನಾನಾ ಭಾಗಗಳಲ್ಲಿ ಹೊಸ ಫಸಲು ಕೈಸೇರಿದಾಗ ಊರಿಗೆ ಊರೇ ಕೂಡಿ ಆಚರಿಸುವ ಸುಗ್ಗಿ ಹಬ್ಬಗಳನ್ನು ಮಾದರಿಯಾಗಿ ಇಟ್ಟುಕೊಂಡು, ಜನ ಒಟ್ಟಾಗಿ ಬಾಳುವುದಕ್ಕೆ ಬೇಕಾದ ಏಳು ತತ್ತ್ವಗಳನ್ನು ದಿನಕ್ಕೊಂದರಂತೆ ನೆನೆದು ಮಾತನಾಡುವುದೇ ಇಲ್ಲಿಯ ಮುಖ್ಯ ಆಚರಣೆ.

ಈ ಹಬ್ಬ ಹುಟ್ಟಿದ ಸಂದರ್ಭ ನೋವಿನದು. 1965ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಬಡಾವಣೆಯಲ್ಲಿ ಪೊಲೀಸರು ಒಬ್ಬ ಕಪ್ಪು ತರುಣನ ಕಾರನ್ನು ತಡೆದದ್ದರಿಂದ ಎದ್ದ ಗಲಭೆ ಹಲವು ದಿನ ನಡೆದು, 34 ಜನ ಪ್ರಾಣ ಕಳೆದುಕೊಂಡರು. ಕೆಲಸವಿಲ್ಲದೆ, ಒಳ್ಳೆಯ ಮನೆಯಿಲ್ಲದೆ, ಪೊಲೀಸರ ದರ್ಪವನ್ನು ವರ್ಷಗಟ್ಟಲೆ ಸಹಿಸಿದ್ದ ಜನರ ಸಿಟ್ಟು ಅಲ್ಲಿ ಸ್ಫೋಟಿಸಿತ್ತು. ಅದರ ಮರುವರ್ಷ, 1966ರಲ್ಲಿ, ಕಪ್ಪು ಜನರ ಚಳವಳಿಯಲ್ಲಿದ್ದ ಮೌಲಾನಾ ಕರೇಂಗಾ ಎಂಬುವರು ಕ್ವಾನ್ಜಾವನ್ನು ರೂಪಿಸಿದರು. ಗುಲಾಮಗಿರಿಯ ಕಾಲದಲ್ಲಿ ಈ ಜನರಿಂದ ಕಸಿದುಕೊಂಡದ್ದು ದುಡಿಮೆಯನ್ನು ಮಾತ್ರವಲ್ಲ; ಹೆಸರು, ಮಾತು, ಕುಲದ ನೆನಪು ಎಲ್ಲವನ್ನೂ ಕಿತ್ತುಕೊಂಡಿದ್ದರು, ದಕ್ಷಿಣದ ಹಲವು ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದನ್ನೇ ಕಾನೂನಿನಿಂದ ನಿಷೇಧಿಸಿದ್ದರು.

ಹಬ್ಬದ ಪದಗಳೆಲ್ಲ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯವು. ಸೆರೆಯಾಗಿ ಅಮೆರಿಕಕ್ಕೆ ಸಾಗಿದವರಲ್ಲಿ ಹೆಚ್ಚಿನವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವರಾಗಿದ್ದರಿಂದ ಈ ಆಯ್ಕೆಯನ್ನು ಕೆಲವರು ಆಕ್ಷೇಪಿಸುತ್ತಾರೆ. ನನಗೆ ಆ ಆಯ್ಕೆ ಸರಿಯೆಂದೇ ತೋರುತ್ತದೆ. ತನ್ನ ಮುತ್ತಜ್ಜಿಯ ಊರು ಯಾವುದು, ಅವಳ ಮನೆಮಾತು ಯಾವುದು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗಿರುವವರಿಗೆ, ಯಾವುದೇ ಒಂದು ಬುಡಕಟ್ಟಿಗೆ ಸೀಮಿತವಾಗದೆ ಹಲವು ದೇಶಗಳವರು ಆಡುವ ಭಾಷೆ ಎಲ್ಲರಿಗೂ ಸಮಾನವಾಗಿ ಸಲ್ಲುತ್ತದೆ.

ಒಂದು ಸಂಜೆಯ ಆಚರಣೆ ಹೀಗಿರುತ್ತದೆ. ಮೇಜಿನ ಮೇಲೆ ಹುಲ್ಲಿನಿಂದ ಹೆಣೆದ ಚಾಪೆ ಹಾಸಿ, ಅದರ ಮೇಲೆ ಹಣ್ಣು ತರಕಾರಿಗಳನ್ನೂ ಮೆಕ್ಕೆಜೋಳದ ತೆನೆಗಳನ್ನೂ ಇಡುತ್ತಾರೆ. ಮನೆಯಲ್ಲಿ ಎಷ್ಟು ಮಕ್ಕಳೋ ಅಷ್ಟು ತೆನೆ. ಮಕ್ಕಳಿಲ್ಲದ ಮನೆಯವರೂ ಒಂದು ತೆನೆಯನ್ನು ಇಟ್ಟೇ ಇಡುತ್ತಾರೆ, ಏಕೆಂದರೆ ಊರಿನ ಮಕ್ಕಳು ಎಲ್ಲರ ಮಕ್ಕಳೂ ಹೌದು. ಈ ಹಬ್ಬದಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಆ ಒಂದು ತೆನೆ. ಪಕ್ಕದಲ್ಲಿ ಕಿನಾರಾ ಎಂಬ ದೀಪದಾನಿಯಲ್ಲಿ ಏಳು ಮೇಣದ ಬತ್ತಿಗಳಿರುತ್ತವೆ: ನಡುವೆ ಜನರ ಸಂಕೇತವಾಗಿ ಒಂದು ಕಪ್ಪು, ಒಂದು ಪಕ್ಕ ಅವರ ಹೋರಾಟದ ಸಂಕೇತವಾಗಿ ಮೂರು ಕೆಂಪು, ಇನ್ನೊಂದು ಪಕ್ಕ ಮುಂದಿನ ದಿನಗಳ ಭರವಸೆಯ ಸಂಕೇತವಾಗಿ ಮೂರು ಹಸಿರು. ಮೊದಲ ಸಂಜೆ ಕಪ್ಪು ಬತ್ತಿಯನ್ನು ಹಚ್ಚಿ, ಆಮೇಲೆ ದಿನಕ್ಕೊಂದು ಬತ್ತಿ ಸೇರಿಸುತ್ತಾ ಹೋಗುತ್ತಾರೆ. ಹಿರಿಯರು "ಹಬಾರಿ ಗಾನಿ?" ಎಂದು ಕೇಳುತ್ತಾರೆ, ಅಂದರೆ ಏನು ಸಮಾಚಾರ ಎಂದು. ಮಕ್ಕಳು ಆ ದಿನದ ತತ್ತ್ವದ ಹೆಸರನ್ನೇ ಉತ್ತರವಾಗಿ ಹೇಳುತ್ತಾರೆ. ಅನಂತರ ಐಕ್ಯದ ಬಟ್ಟಲಿನಿಂದ ಪೂರ್ವಿಕರ ಹೆಸರಿನಲ್ಲಿ ನೀರು ಬಿಟ್ಟು, ಅಗಲಿದವರನ್ನು ಹೆಸರು ಹಿಡಿದು ಕರೆಯುತ್ತಾರೆ. ಗುಲಾಮಗಿರಿಯಿಂದ ತಾನೂ ತಪ್ಪಿಸಿಕೊಂಡು ಹಲವರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಹೆಸರಿನ ಜೊತೆಗೇ ಆ ಮನೆಯ ಅಜ್ಜಿಯ ಹೆಸರೂ ಬರಬಹುದು.

ಏಳು ತತ್ತ್ವಗಳಲ್ಲಿ ಮೊದಲನೆಯದು ಉಮೋಜಾ, ಎಂದರೆ ಐಕ್ಯ. ಎರಡನೆಯದು ಕುಜಿಚಾಗುಲಿಯಾ, ತಮ್ಮನ್ನು ತಾವೇ ಹೆಸರಿಸಿಕೊಂಡು ತಮ್ಮ ಪರವಾಗಿ ತಾವೇ ಮಾತನಾಡುವುದು. ಉಜಿಮಾ ಎಂದರೆ ನೆರೆಯವರ ಕಷ್ಟವನ್ನು ತಮ್ಮದೆಂದು ಬಗೆದು ಕೂಡಿ ಕೆಲಸ ಮಾಡುವುದು. ನಾಲ್ಕನೆಯದು ಉಜಮಾ, ಸಹಕಾರದ ಆರ್ಥಿಕತೆ. ಅನಂತರದವು ನಿಯಾ, ಕುಊಂಬಾ, ಇಮಾನಿ. ಗುರಿ, ಸೃಷ್ಟಿಶೀಲತೆ ಮತ್ತು ನಂಬಿಕೆ.

ನಾಲ್ಕನೆಯ ತತ್ತ್ವದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಬ್ಬಕ್ಕಿಂತ ಬಹಳ ಮೊದಲೇ ಈ ಜನ ಅದನ್ನು ಬಾಳಿ ತೋರಿಸಿದ್ದರು. ಬಟ್ಟೆ ಒಗೆದು ಜೀವನ ನಡೆಸುತ್ತಿದ್ದ ತಾಯಿಯ ಮಗಳಾದ ಮ್ಯಾಗಿ ಲೀನಾ ವಾಕರ್, ವರ್ಜೀನಿಯಾದ ರಿಚ್ಮಂಡ್‌ನಲ್ಲಿ 1903ರಲ್ಲಿ ಒಂದು ಉಳಿತಾಯ ಬ್ಯಾಂಕನ್ನು ಸ್ಥಾಪಿಸಿದರು. ಆ ಬ್ಯಾಂಕಿನ ಹೆಸರಿನಲ್ಲಿಯೇ ಅಮೆರಿಕದ ಅತಿ ಕಡಿಮೆ ಬೆಲೆಯ ನಾಣ್ಯವಾದ ಪೆನ್ನಿ ಇತ್ತು. ದಿನಗೂಲಿಯವರು ತಂದುಕೊಟ್ಟ ಚಿಲ್ಲರೆ ಕಾಸು ಅಲ್ಲಿ ಬೆಳೆದು, ಬೇರೆ ಕಡೆ ಸಾಲ ಹುಟ್ಟದವರಿಗೆ ಮನೆ ಕೊಳ್ಳಲು ನೆರವಾಯಿತು.

ಕ್ವಾನ್ಜಾ ಆರಂಭವಾದ 1966ನೆಯ ಇಸವಿಯಲ್ಲಿಯೇ, ಅಲಬಾಮಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯಲ್ಲಿ ಕಪ್ಪು ಮಹಿಳೆಯರು ಕೂಡಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘವನ್ನು ಕಟ್ಟಿದರು. ಮತದಾರರ ಪಟ್ಟಿಗೆ ಹೆಸರು ಸೇರಿಸಿದ ತಪ್ಪಿಗೆ ಅಲ್ಲಿ ಎಷ್ಟೋ ಕುಟುಂಬಗಳನ್ನು ಜಮೀನ್ದಾರರು ಒಕ್ಕಲೆಬ್ಬಿಸಿದ್ದರು. ಅಂಥ ಊರಿನ ಹೆಂಗಸರು ತುಂಡು ಬಟ್ಟೆಗಳನ್ನು ಜೋಡಿಸಿ ಹೊದಿಕೆ ಹೊಲಿದು ದೂರದ ನಗರಗಳಿಗೆ ಮಾರಿದರು. ಸಂಘದ ಹೆಸರಿನಲ್ಲಿ ಭೂಮಿ ಕೊಂಡು, ನೆಲೆ ಕಳೆದುಕೊಂಡ ಕುಟುಂಬಗಳಿಗೆ ಅದರಲ್ಲಿ ನಿವೇಶನ ದೊರೆಯುವಂತೆ ಮಾಡಿದರು. ಮತ ಹಾಕುವ ಹಕ್ಕು, ಮನೆ ಕಟ್ಟುವ ನೆಲ, ಕೈಯ ಕಲೆ ಈ ಮೂರೂ ಒಂದೇ ಸಂಘದಲ್ಲಿ ಕೂಡಿಬಂದದ್ದನ್ನು ಓದುವಾಗಲೆಲ್ಲ ನನಗೆ ಆ ತಾಯಂದಿರ ಬಗ್ಗೆ ಗೌರವ ಹೆಚ್ಚುತ್ತದೆ.

ಹೀಗೆ ತುಂಡು ಬಟ್ಟೆಯಿಂದ ಹೊಲಿಯುವ ಹೊದಿಕೆಗೆ ನಾವು ಕೌದಿ ಎನ್ನುತ್ತೇವೆ. ಆಫ್ರಿಕಾದಿಂದ ಬಂದವರ ವಂಶಜರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸೀಮೆಯ ಸಿದ್ದಿಗಳು. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಜನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಸಿದ್ದಿ ಹೆಂಗಸರು ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಸಾಲು ಸಾಲಾಗಿ ಹೊಲಿಯುತ್ತಾ ಬಂದು, ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಚಿ ಹೂವು ಕೂರಿಸುತ್ತಾರೆ. ಆ ಹೂವಿಲ್ಲದೆ ಅವರ ಕೌದಿ ಮುಗಿಯುವುದಿಲ್ಲ. ಸಿದ್ದಿಗಳು ಕ್ವಾನ್ಜಾ ಆಚರಿಸುವವರಲ್ಲ, ಅವರಿಗೆ ಅವರದೇ ಹಬ್ಬಗಳಿವೆ, ಢಮಾಮಿ ಕುಣಿತವಿದೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದು, ಎಲ್ಲರೂ ಒಂದೇ ಜನವೆಂಬ ಭಾವ ಬಲವಾಗಿದೆ. ಈ ಜನರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, ಸ್ವಾತಂತ್ರ್ಯ ಬಂದು ಐದು ದಶಕಗಳೇ ಕಳೆದ ಮೇಲೆ. ಈ ತಡ ನಮ್ಮೆಲ್ಲರನ್ನೂ ಕಾಡಬೇಕಾದದ್ದು.

ಮತ್ತೆ ಕ್ವಾನ್ಜಾದ ಮಾತಿಗೆ ಬರುವುದಾದರೆ, ಡಿಸೆಂಬರ್ 31ರ ಸಂಜೆ ಕರಾಮು ಎಂಬ ಔತಣ ನಡೆಯುತ್ತದೆ. ಹಾಡು, ನಗಾರಿ, ಕುಣಿತ, ಊಟ ಎಲ್ಲವೂ ಅಂದು ಒಟ್ಟಿಗೆ. ಮಕ್ಕಳಿಗೆ ಕೊಡುವ ಉಡುಗೊರೆಯಲ್ಲಿ ಒಂದು ಪುಸ್ತಕ ಇರಲೇಬೇಕೆಂಬ ಪದ್ಧತಿಯನ್ನು, ಅಕ್ಷರ ಕಲಿಯುವುದೇ ಅಪರಾಧವಾಗಿದ್ದ ಕಾಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಬೇಕು. ಜನವರಿ 1 ಆತ್ಮಪರೀಕ್ಷೆಯ ದಿನ. ನಾನು ಯಾರು, ನಾನು ಹೇಳಿಕೊಳ್ಳುವಂಥವನು ನಿಜವಾಗಿಯೂ ನಾನೇ, ನಾನು ಆಗಬೇಕಾದಷ್ಟು ಆಗಿದ್ದೇನೆಯೇ ಎಂಬ ಮೂರು ಪ್ರಶ್ನೆಗಳನ್ನು ಅಂದು ಪ್ರತಿಯೊಬ್ಬರೂ ತಮಗೆ ತಾವೇ ಹಾಕಿಕೊಳ್ಳುತ್ತಾರೆ.

ಮೊದಮೊದಲು ಕ್ರಿಸ್‌ಮಸ್‌ಗೆ ಬದಲಿ ಎಂಬಂತೆ ಹೊರಟ ಈ ಹಬ್ಬವನ್ನು ಇಂದು ಎರಡನ್ನೂ ಆಚರಿಸುವ ಕುಟುಂಬಗಳೇ ಮುಂದೆ ನಡೆಸುತ್ತಿವೆ. ಅಮೆರಿಕದ ಅನೇಕ ನಗರಗಳಲ್ಲಿ ಗ್ರಂಥಾಲಯಗಳು, ವಸ್ತುಸಂಗ್ರಹಾಲಯಗಳು ಮತ್ತು ಚರ್ಚುಗಳು ಆ ವಾರ ಸಾರ್ವಜನಿಕರಿಗಾಗಿ ಕ್ವಾನ್ಜಾ ಸಂಜೆಗಳನ್ನು ಏರ್ಪಡಿಸುತ್ತವೆ. ಅಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳು ಈ ಸಲದ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಂಥ ಒಂದು ಸಂಜೆಗೆ ದಯವಿಟ್ಟು ಹೋಗಿಬನ್ನಿ.

ನಮಸ್ಕಾರ.